ಕೌದಿಯ ನಾಲ್ಕನೆಯ ಮೂಲೆ

ನಮ್ಮವ್ವನ ಗಂಟಿನಲ್ಲಿ ಒಂದು ಕೌದಿ ಇತ್ತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗಲೂ ಅವ್ವ ಅದನ್ನು ಹೊಲಿಯುತ್ತಿದ್ದಳು, ಏಳನೇ ಕ್ಲಾಸಿಗೆ ಬಂದಾಗಲೂ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ದಪ್ಪ ದಾರದಲ್ಲಿ ಸಾಲು ಹೊಲಿಗೆ ಹಾಕುವ ಕೆಲಸ ಅದು. ಕೈ ಚುರುಕಿದ್ದವಳಿಗೆ ಹದಿನೈದು ದಿನ ಸಾಕು, ಮೈಗಳ್ಳಿಗೆ ಒಂದು ತಿಂಗಳು. ನಮ್ಮವ್ವ ಮೈಗಳ್ಳಿಯಲ್ಲ.

ಸಿಂಧನೂರಿನ ನಮ್ಮ ಓಣಿಯಲ್ಲಿ ಅವ್ವ ಕೌದಿ ಹೊಲಿಯುವವಳೆಂದೇ ಎಲ್ಲರಿಗೂ ಗೊತ್ತಿತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ನನಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡ. ಆಮೇಲೆ ಮನೆಯಲ್ಲಿ ಅವ್ವ, ನಾನು, ಅವ್ವನ ಅಕ್ಕ ಅಂದರೆ ನನ್ನ ದೊಡ್ಡವ್ವ, ಇಷ್ಟೇ ಜನ. ವಾರಕ್ಕೆ ಮೂರು ನಾಲ್ಕು ದಿನ ಅವ್ವ ಬೆಳಗಿನ ಬಸ್ಸಿಗೆ ಗಂಟು ಹಿಡಿದು ಮಸ್ಕಿಗೆ ಹೊರಡುತ್ತಿದ್ದಳು. ಎದುರು ಮನೆಯವರು ಕೇಳಿದರೆ, "ಅಲ್ಲೊಬ್ಬ ಸಾಹುಕಾರ್ರ ಮನ್ಯಾಗ ಕೌದಿ ಹೊಲಿಯಾಕ ಕರದಾರ್ರಿ" ಅನ್ನುತ್ತಿದ್ದಳು. ಒಂದೊಂದು ಸಲ ಅದು ನಿಜವೂ ಆಗಿರುತ್ತಿತ್ತು. ಪೂರ್ತಿ ಸುಳ್ಳು ಹೇಳುವವರು ಬೇಗ ಸಿಕ್ಕಿಬೀಳುತ್ತಾರೆ, ಅವ್ವ ಅಷ್ಟು ಪೆದ್ದಿಯಲ್ಲ.

ನಾನು ಚಿಕ್ಕಂದಿನಿಂದಲೂ ಅನುಮಾನದ ಪ್ರಾಣಿ. ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ಅವ್ವನ ಹೊಲಿಗೆ ಎಲ್ಲಿಗೆ ನಿಂತಿತ್ತೋ ಅಲ್ಲಿ ನನ್ನ ರಿಬ್ಬನ್ನಿನಿಂದ ಎಳೆದ ಕೆಂಪು ಎಳೆಯೊಂದನ್ನು ಗಂಟು ಹಾಕಿ ಬಿಟ್ಟೆ. ಅವ್ವ ಮಸ್ಕಿಗೆ ಮೂರು ಸಲ ಹೋಗಿಬಂದಳು. ಕೆಂಪು ಎಳೆ ಇದ್ದಲ್ಲೇ ಇತ್ತು, ಅದರ ಮುಂದೆ ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಅವತ್ತಿನಿಂದ ನನ್ನೊಳಗೆ ಒಂದು ಹೆದರಿಕೆ ಹೊಕ್ಕಿತು. ಏನೆಂದು ಗೊತ್ತಿಲ್ಲದ ವಯಸ್ಸಿನ ಹೆದರಿಕೆ ಗೊತ್ತಾದ ಮೇಲಿನದಕ್ಕಿಂತ ಕೆಟ್ಟದ್ದು. ಸಂಜೆ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ಕೂತು ಪಾಠ ಓದುವ ನೆಪ ಮಾಡುತ್ತಿದ್ದೆ.

ಗೊತ್ತಾಗಲು ಇನ್ನೂ ಮೂರು ವರ್ಷ ಹಿಡಿಯಿತು. ಯಾರೂ ಹೇಳಲಿಲ್ಲ. ಇಂಥ ವಿಷಯ ಯಾರೂ ಹೇಳದೆಯೇ ತಿಳಿಯುತ್ತದೆ. ಮೈ ಮಾರಿ ಮನೆ ನಡೆಸುವ ಈ ಹೆಂಗಸರಿಗೆ ಒಂದು ನೇಮವಿತ್ತು: ಸ್ವಂತ ಊರಿನಲ್ಲಿ ಈ ಕೆಲಸ ಮಾಡಬಾರದು. ಸಿಂಧನೂರಿನವರು ಮಸ್ಕಿಗೆ, ಮಸ್ಕಿಯವರು ಲಿಂಗಸುಗೂರಿಗೆ, ಲಿಂಗಸುಗೂರಿನವರು ಸಿಂಧನೂರಿಗೆ. ಒಂದೇ ರಸ್ತೆ, ಅದೇ ಬಸ್ಸುಗಳು. ಬಸ್ಸಿನಲ್ಲಿ ಎದುರುಬದುರು ಕೂತರೂ ಒಬ್ಬರನ್ನೊಬ್ಬರು ಮಾತಾಡಿಸುವಂತಿಲ್ಲ. ಒಬ್ಬಳ ಗುಟ್ಟು ಇನ್ನೊಬ್ಬಳ ಮುಖದಲ್ಲಿರುತ್ತಿತ್ತು, ಹಾಗಾಗಿ ಎಲ್ಲರೂ ಕಿಟಕಿಯ ಕಡೆ ನೋಡುತ್ತ ಹೋಗುತ್ತಿದ್ದರು.

ಅವ್ವನ ಮೇಲೆ ನನಗೆ ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಸಿಟ್ಟನ್ನು ಅವಳು ತಂದ ಜೋಳದ ರೊಟ್ಟಿ ತಿಂದುಕೊಂಡೇ ಬೆಳೆಸಿದೆ, ಹತ್ತನೇ ಕ್ಲಾಸು ಪಾಸಾದೆ. ದೊಡ್ಡವ್ವ ಎಲ್ಲೆಲ್ಲೋ ಕೇಳಿ ವಿಚಾರಿಸಿ ಹಟ್ಟಿಯ ಒಂದು ಸಂಬಂಧ ತಂದಳು. ಹುಡುಗ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ, ಕಂಪನಿಯ ಕ್ವಾರ್ಟರ್ಸು, ಮನೆಯಲ್ಲಿ ತಾಯಿ ಮಗ ಇಬ್ಬರೇ. ಕೌದಿ ಹೊಲಿದು ಮಗಳನ್ನು ಓದಿಸಿದ ವಿಧವೆ ಎಂದು ಅವರಿಗೆ ಹೇಳಿದ್ದಾಯಿತು. ನನ್ನ ಅತ್ತೆ ಮಾತು ಕಡಿಮೆಯ ಹೆಂಗಸು. ಬಸ್ಸಿನ ಬೋರ್ಡು ಓದಲೂ ಬಾರದು, ಆದರೆ ಎದುರಿಗಿದ್ದವರ ಮುಖ ನೋಡಿದರೆಂದರೆ ಮೈಯೆಲ್ಲ ತಡಕಿದಂತಾಗುತ್ತಿತ್ತು. ಮದುವೆಯಾಗಿ ಹೋದ ದಿನದಿಂದ ನಾನು ಅವರ ಕಣ್ಣು ತಪ್ಪಿಸಿ ಬದುಕಲು ಕಲಿತೆ.

ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಾಗ ಅವ್ವ ಬದಲಾಗಿದ್ದಳು. ತೊಂಬತ್ತರ ದಶಕದ ನಡುಗಾಲ ಅದು. ಮೂರು ಊರಿನ ಹೆಂಗಸರು ಸೇರಿ ಸಂಘ ಕಟ್ಟಿದ್ದರು. ಬೋರ್ಡು, ಕುರ್ಚಿ, ಮೇಜು ಎಂದುಕೊಳ್ಳಬೇಡಿ. ಯಾವ ಊರಿನಲ್ಲಿ ಸಭೆ ಇಟ್ಟರೂ ಆ ಊರಿನವರು ಬರಲು ಹೆದರುತ್ತಿದ್ದರು. ಕಡೆಗೆ ಮಸ್ಕಿಯ ಒಬ್ಬ ಹಿರಿಯ ಹೆಂಗಸು ಉಪಾಯ ಹೇಳಿದಳು: ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಕೂಡೋಣ, ಅಲ್ಲಿ ಹೆಂಗಸರು ಗುಂಪಾಗಿ ಕೂತರೆ ಯಾರೂ ಯಾಕೆಂದು ಕೇಳುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಚೀಟಿ ಮಾಡಿಸಿ, ಹೊಟ್ಟೆನೋವು, ಸೊಂಟನೋವು ಎಂದು ಬರೆಸಿ, ಆಸ್ಪತ್ರೆ ಅಂಗಳದ ಹುಣಸೆಮರದ ಕೆಳಗೆ ಕೂಡುತ್ತಿದ್ದರು. ಆ ಹಿರಿಯಳನ್ನು ಎಲ್ಲರೂ ಮೊದಮೊದಲು ಚಾಷ್ಟಿಗೆ, ಆಮೇಲೆ ನಿಜವಾಗಿಯೇ, ಅಧ್ಯಕ್ಷಿ ಎಂದು ಕರೆಯತೊಡಗಿದರು.

ಆ ಮರದ ಕೆಳಗೆ ಏನೇನು ನಡೆಯಿತೆಂದು ಅವ್ವ ನನಗೆ ಎಣ್ಣೆ ಹಚ್ಚುತ್ತ ಹೇಳುತ್ತಿದ್ದಳು. ಒಬ್ಬಳು ಹಾಸಿಗೆ ಹಿಡಿದಾಗ ಮನೆಯ ಮಾಲೀಕ ಸಾಮಾನು ಹೊರಗೆ ಹಾಕಿದ್ದನಂತೆ, ಹನ್ನೊಂದು ಜನ ಹೋಗಿ ಸುಮ್ಮನೆ ಅವನ ಕಟ್ಟೆಯ ಮೇಲೆ ಕೂತು ಬಂದರಂತೆ. ಅವಳು ಏಳುವವರೆಗೆ ಪಾಳಿಯ ಮೇಲೆ ಒಬ್ಬೊಬ್ಬರ ಮನೆಯಿಂದ ರೊಟ್ಟಿ ಹೋಯಿತಂತೆ. ರೇಷನ್ ಕಾರ್ಡು ಇಲ್ಲದವರಿಗೆ ಅಧ್ಯಕ್ಷಿ ತಹಸೀಲ್ ಕಚೇರಿಗೆ ಅಲೆದು ಕಾರ್ಡು ಮಾಡಿಸಿದಳಂತೆ. ಅವ್ವ ಇದನ್ನೆಲ್ಲ ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಮಾತ್ರ ಓಣಿಯ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ತಿರುಗಿ ನೋಡುತ್ತಿದ್ದೆ.

ಒಂದು ಗುರುವಾರ ಅವ್ವ ಲಿಂಗಸುಗೂರಿನಿಂದ ಬಂದವಳೇ ಕುಬುಸದೊಳಗಿಂದ ಒಂದು ಕಾರ್ಡು ತೆಗೆದು ತೋರಿಸಿದಳು. ಅವಳ ಫೋಟೊ, ಸಂಘದ ಹೆಸರು, ಕೆಳಗೆ ದುಂಡನೆಯ ಮುದ್ರೆ. ರೋಗ ಬರದಂತೆ ಹೆಂಗಸರಿಗೆ ಹಂಚುವ ನಿರೋಧ್ ಪೊಟ್ಟಣಗಳು ಚೀಲದಲ್ಲಿ ಸಿಕ್ಕರೆ ಪೊಲೀಸರು ಅದನ್ನೇ ಸಾಕ್ಷಿ ಮಾಡಿ ಒಳಗೆ ಹಾಕುತ್ತಿದ್ದರು. ಕಾರ್ಡು ತೋರಿಸಿದರೆ ಬಿಡುತ್ತಾರೆ ಎಂದು ಮೇಲಿನವರ ಜೊತೆ ಮಾತಾಗಿತ್ತು.

"ಸುಟ್ಟು ಹಾಕು" ಅಂದೆ.

"ಯಾಕ ಬೇ?"

"ಆ ಸಂಘದ ಹೆಸರು ಮೂರೂ ಊರಾಗ ಗೊತ್ತೈತಿ. ಇದು ಯಾರ ಕೈಗರ ಸಿಕ್ರ ನಾ ಹಟ್ಟಿಗಿ ಹೆಂಗ ಹೋಗ್ಲಿ? ನಿನ್ನ ಸಂಘ ನನ್ನ ಸಂಸಾರ ಸುಡ್ತೈತಿ ನೋಡು."

ಅವ್ವ ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು. "ಇಷ್ಟು ವರ್ಷ ಯಾರು ಬೇಕಾದ್ರೂ ನನ್ನ ರಟ್ಟಿ ಹಿಡಿದು ಎಳಕೊಂಡು ಹೋಗ್ತಿದ್ರು. ಯಾರು ನೀ ಅಂದ್ರ ಹೇಳಾಕ ನನ್ನ ಕಡಿ ಏನೂ ಇದ್ದಿಲ್ಲ. ಇದು ಐತಿ ಈಗ. ಸುಡಂಗಿಲ್ಲ ನಾ" ಅಂದಳು. ಆಮೇಲೆ ಗಂಟು ಬಿಚ್ಚಿ ಅದೇ ಹಳೆಯ ಕೌದಿ ಹೊರತೆಗೆದಳು. ಅದರ ಮೂರು ಮೂಲೆ ಮುಚ್ಚಿದ್ದವು, ನಾಲ್ಕನೆಯದು ಎಷ್ಟೋ ವರ್ಷದಿಂದ ಹಾಗೇ ಬಾಯಿ ತೆರೆದುಕೊಂಡಿತ್ತು. ಕಾರ್ಡನ್ನು ಆ ಮೂಲೆಯ ಪದರದೊಳಗೆ ತೂರಿಸಿ, ಬೇಕೆಂದಾಗ ಕೀಳುವಂತೆ ಒಂದೇ ಒಂದು ಟಾಕಾ ಹಾಕಿದಳು.

ನಮ್ಮ ಕಡೆ ಕೌದಿ ಮುಗಿಸುವಾಗ ಹಿರಿಯರು ಕಡೆಯ ಮೂಲೆಯೊಳಗೆ ನಾಲ್ಕು ಜೋಳದ ಕಾಳು ಹಾಕಿ ಹೊಲಿಗೆ ಮುಚ್ಚುವುದುಂಟು. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಅವ್ವ ಆ ಮೂಲೆಗೆ ಕಾಳಿನ ಬದಲು ತನ್ನ ಫೋಟೊ ಹಾಕಿದಳು. ನಿದ್ದೆ ಬಾರದೆ ಹೋದದ್ದು ನನಗೆ.

ಹೆರಿಗೆಯಾಯಿತು, ಹೆಣ್ಣುಮಗು. ಮೂರನೆಯ ತಿಂಗಳಲ್ಲಿ ನನ್ನನ್ನು ಹಟ್ಟಿಗೆ ಕಳಿಸಲು ಒಳ್ಳೆಯ ದಿನ ನೋಡಿದ್ದರು. ಅವತ್ತೇ ಬೆಳಿಗ್ಗೆ, ನಾನು ಮಗುವಿಗೆ ನೀರು ಹಾಕುತ್ತಿರುವಾಗ ಲಿಂಗಸುಗೂರಿನ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಒಬ್ಬಳ ಮನೆಗೆ ಇನ್ನೊಬ್ಬಳು ಹೇಳದೆ ಬರಬಾರದೆಂಬ ಅವರ ಇನ್ನೊಂದು ನೇಮ ಮುರಿದು ಬಂದಿದ್ದಳು. ಸಂಘದ ಇಬ್ಬರು ಹುಡುಗಿಯರನ್ನು ಪೊಲೀಸರು ಠಾಣೆಗೆ ಎಳೆದುಕೊಂಡು ಹೋಗಿದ್ದರು. ಯಾವ ಠಾಣೆ ಎಂದು ಬರೆಯುವುದಿಲ್ಲ, ಅದರಿಂದ ಈಗ ಯಾರಿಗೂ ಉಪಯೋಗವಿಲ್ಲ. ಅವ್ವ ಮಗುವಿನ ಹಣೆಗೆ ಮುತ್ತಿಟ್ಟು, ನನ್ನ ಮುಖ ನೋಡದೆ, ಉಟ್ಟ ಸೀರೆಯಲ್ಲೇ ಹೊರಟುಬಿಟ್ಟಳು. ಗಂಟು ಮರೆತುಹೋದಳು.

ದೊಡ್ಡವ್ವನೇ ಸಾಮಾನು ಕಟ್ಟಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಣಂತಿಯ ಜೊತೆ ಹೊಸ ಕೌದಿ ಕಳಿಸದಿದ್ದರೆ ಬೀಗರು ಏನಂದಾರು ಎಂದು ಅವಳಿಗೆ ಒಂದೇ ಚಿಂತೆ. ಅವ್ವ ನನಗೆಂದು ಬೇರೆ ಕೌದಿ ಹೊಲಿಯಲು ಶುರು ಮಾಡಿದ್ದಳು, ಅರ್ಧವೂ ಆಗಿರಲಿಲ್ಲ. ನಾನು ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದೆ. ದೊಡ್ಡವ್ವ ಅವ್ವನ ಗಂಟಿನಿಂದ ಕೌದಿ ಎಳೆದು, ತೆರೆದ ಮೂಲೆಯನ್ನು ಕೈಯಿಂದಲೇ ಸವರಿ, ದಡಬಡ ಹೊಲಿದು ಮುಚ್ಚಿ, ಟ್ರಂಕಿನ ತಳಕ್ಕೆ ಹಾಕಿದಳು. ಇದು ನನಗೆ ತಿಳಿದದ್ದು ಹಟ್ಟಿಗೆ ಹೋದ ಮೇಲೆ.

ನನ್ನನ್ನು ಬಿಡಲು ದೊಡ್ಡವ್ವನೇ ಬಂದಳು. ಅತ್ತೆ ಮಗುವನ್ನು ಎತ್ತಿಕೊಂಡು ಮೊದಲು ಕೇಳಿದ್ದೇ, "ಬೀಗತಿ ಬಂದಿಲ್ಲೇನ್ರಿ?"

"ಕೌದಿ ಹೊಲಿಯಾಕ ಕರದಿದ್ರಿ, ಅವಸರ ಇತ್ತಂತ" ಅಂದಳು ದೊಡ್ಡವ್ವ.

"ಮಗಳನ್ನ ಕಳಸೂ ದಿನಾನೂ?" ಎಂದಷ್ಟೇ ಅಂದು ಅತ್ತೆ ಟ್ರಂಕು ತೆರೆದರು. ಮಗು ನೋಡಲು ಅಕ್ಕಪಕ್ಕದ ಕ್ವಾರ್ಟರ್ಸಿನ ಐದಾರು ಹೆಂಗಸರು ಬಂದು ಕೂತಿದ್ದರು. ಬಟ್ಟೆ, ಬೆಳ್ಳಿಯ ಕಡಗ, ಕೊಬ್ಬರಿ ಎಲ್ಲ ಹೊರಬಂದವು. ಕಡೆಗೆ ಅತ್ತೆ ಎರಡೂ ಕೈಯಲ್ಲಿ ಝಾಡಿಸಿ ಹಾಸಿದ್ದು ಆ ಕೌದಿ. ನನ್ನ ಕೆಂಪು ಎಳೆ ಒಂದು ಬದಿಯಲ್ಲಿ ಇನ್ನೂ ಹಾಗೇ ಇತ್ತು, ನಾಲ್ಕನೆಯ ಮೂಲೆ ಮುಚ್ಚಿತ್ತು. ಹೆಂಗಸರು ಹೊಲಿಗೆ ಮುಟ್ಟಿ ನೋಡಿ, "ಎಷ್ಟು ಸಣ್ಣ ಹೊಲಿಗಿ ಐತಿ ನೋಡ್ರಿ" ಎಂದು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಅವ್ವನ ಮುಖ ಐದಾರು ಜನರ ಕೈ ದಾಟಿ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ದೊಡ್ಡವ್ವ ಒಳ್ಳೆಯವಳು, ಒಳ್ಳೆಯವರಿಂದಲೇ ನನಗೆ ಜೀವನದಲ್ಲಿ ಹೆಚ್ಚು ಹೊಡೆತ ಬಿದ್ದಿದೆ. ಹೊರಡುವ ಮುಂಚೆ ಅತ್ತೆಗೆ ಹೇಳಿದಳು: "ಒಂದ ತಪ್ಪಾಗ್ಯಾದ್ರಿ ಬೀಗತಿ. ಆ ಮೂಲಿ ನಾನ ಮುಚ್ಚೀನಿ, ಅವಸರದಾಗ ಕಾಳು ಹಾಕೂದ ಮರ್ತುಬಿಟ್ಟೆ. ಮನಸಿಗಿ ತಗೋಬ್ಯಾಡ್ರಿ."

"ಅದಕ್ಕೇನಾತು, ನಾ ಹಾಕ್ತೀನ್ರಿ" ಅಂದರು ಅತ್ತೆ.

ದೊಡ್ಡವ್ವನ ಬಸ್ಸು ಹೋದಾಗಿನಿಂದ ನಾನು ಆ ಕೌದಿಯ ಹಿಂದೆ ಬಿದ್ದೆ. ಅತ್ತೆ ಅದನ್ನು ತೊಟ್ಟಿಲಿಗೆ ಹಾಸಿದ್ದರು, ತೊಟ್ಟಿಲ ಪಕ್ಕದಲ್ಲೇ ಅವರ ಕೂರುವ ಜಾಗ. ನಾನು ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ. ಅವರು ನೀರಿಗೆ ಹೋದರೆ ಪಕ್ಕದ ಮನೆಯವಳು ಬರುವಳು, ಅವಳು ಹೋದರೆ ಗಂಡ ಪಾಳಿ ಮುಗಿಸಿ ಬರುವನು. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಕೌದಿ ತೊಳೆದು ಹಿತ್ತಲ ತಂತಿಯ ಮೇಲೆ ಹಾಕಿದ್ದರು. ಅವರು ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಓಡಿಹೋಗಿ ಮೂಲೆ ಹಿಸುಕಿದೆ.

ಕಾರ್ಡು ಇರಲಿಲ್ಲ. ಕೈಗೆ ಸಿಕ್ಕಿದ್ದು ಜೋಳದ ಕಾಳು. ಹೊಲಿಗೆಯೂ ಬೇರೆ, ಗೋಣಿಚೀಲ ಹೊಲಿಯುವ ಬಿಳಿ ದಾರದ ಉದ್ದುದ್ದ ಟಾಕಾ. ಉಳಿದ ಮೂರು ಮೂಲೆಗಳನ್ನೂ ಹಿಸುಕಿ ನೋಡಿದೆ. ಒಳಗಿನಿಂದ ಅತ್ತೆ, "ಕೂಸು ಅಳಾಕತ್ತೈತಿ, ಎತ್ಗೋ" ಅಂದರು, ದಿನದ ದನಿಯಲ್ಲೇ.

ವಾರ ಕಳೆದು ಅವ್ವ ಬಂದಳು. ಮುಖ ಬತ್ತಿತ್ತು, ಕೈಯಲ್ಲಿ ಮಗುವಿನ ತಲೆಗೆಂದು ಹೊಸ ಕುಲಾಯಿ. ಹಿತ್ತಲಿನಲ್ಲಿ ನನಗೆ ಎಲ್ಲ ಹೇಳಿದಳು. ಠಾಣೆಯಲ್ಲಿ, ನೀನು ಯಾರು, ಕಾರ್ಡು ತೋರಿಸು ಅಂದಾಗ ಗಂಟಿಗೆ ಕೈಹಾಕಲು ಗಂಟೇ ಇರಲಿಲ್ಲ. ಇವಳನ್ನೂ ಆ ಹುಡುಗಿಯರ ಪಕ್ಕ ಕೂರಿಸಿಬಿಟ್ಟರು.

"ಮತ್ತ ಹೆಂಗ ಬಿಟ್ರು?"

"ಎಲ್ಲಾರೂ ಬಂದ್ರು ಬೇ. ಮೂರೂ ಊರಿನವ್ರು. ಅಧ್ಯಕ್ಷಿ ಮುಂದ, ಹಿಂದ ಮೂವತ್ತು ಮಂದಿ. ಸೆರಗು ಮುಖದ ಮ್ಯಾಲ ಎಳಕೊಂಡಿದ್ದಿಲ್ಲ ಯಾರೂ. ಆ ಊರಿನವ್ರೂ ಬಂದಿದ್ರು, ಅವ್ರ ಓಣಿ ಮಂದಿ ನಿಂತು ನೋಡಾಕತ್ತಿದ್ರು. ಠಾಣೆ ಅಂಗಳದಾಗ ಕುಂತ್ರು. ಈಕಿ ನಮ್ಮಾಕಿ, ಆಕಿ ನಮ್ಮಾಕಿ, ಬಿಡೂ ಮಟ ಏಳಂಗಿಲ್ಲ ಅಂದ್ರು. ಮಧ್ಯಾಹ್ನಕ್ಕ ಬಿಟ್ರು."

ಬಸ್ಸಿನಲ್ಲಿ ಒಬ್ಬರನ್ನೊಬ್ಬರು ನೋಡದ ಹೆಂಗಸರು ಅವರು. ನನಗೆ ಆಗ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಅಲ್ಲಿ ನಿಂತು ನೋಡಿದ ಮಂದಿಯಲ್ಲಿ ಹಟ್ಟಿಯ ಕಡೆಯವರು ಯಾರಾದರೂ ಅವ್ವನನ್ನು ನೋಡಿರಬಹುದೇ ಎಂಬುದೊಂದೇ ನನ್ನ ತಲೆಯಲ್ಲಿ ಓಡಿತು. ಕೌದಿಯ ಮೂಲೆಯ ಮಾತು ಹೇಳಿದೆ. ಅವ್ವ ಕುಲಾಯಿಯನ್ನು ಬೆರಳಿಗೆ ಸುತ್ತುತ್ತ, "ಹಂಗಾರ ನಿಮ್ಮತ್ತಿಗಿ ಗೊತ್ತಾಗ್ಯಾದ" ಅಂದಳು. ನಾನು ಹೇಳಿದ ಮಾತನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ. "ಯವ್ವ, ಇನ್ನ ಜರಾ ಬರೂದು ಕಡಿಮಿ ಮಾಡು" ಅಂದೆ.

ಅವ್ವ ಹೊರಟಾಗ ಅತ್ತೆ ಒಂದು ರೊಟ್ಟಿಯ ಗಂಟು ಕೊಟ್ಟರು. "ದಾರ್ಯಾಗ ಬಿಚ್ಚಬ್ಯಾಡ್ರಿ ಬೀಗತಿ, ಮನಿಗಿ ಹೋಗಿ ಬಿಚ್ಚ್ರಿ" ಅಂದರು. ತಿಂಗಳಾದ ಮೇಲೆ ದೊಡ್ಡವ್ವ ಬಂದು ಕಿವಿಯಲ್ಲಿ ಹೇಳಿದಳು: "ರೊಟ್ಟ್ಯಾಗ ಸಿಕ್ಕೈತಿ ಅಂತ ಹೇಳಂದ್ಳು ನಿಮ್ಮವ್ವ." ಕಾರ್ಡನ್ನು ಒಗೆದ ಬಟ್ಟೆಯ ತುಂಡಿನಲ್ಲಿ ಸುತ್ತಿ ರೊಟ್ಟಿಗಳ ನಡುವೆ ಇಟ್ಟಿದ್ದರಂತೆ.

ಸಿಕ್ಕಿತಲ್ಲ ಎಂದು ನೆಮ್ಮದಿಯಾಗಬೇಕಿತ್ತು. ನನಗೆ ಹೊಸ ಹುಳ ಹೊಕ್ಕಿತು. ಅತ್ತೆಗೆ ಓದಲು ಬರುವುದಿಲ್ಲ, ಹಾಗಾದರೆ ಕಾರ್ಡನ್ನು ಯಾರಿಂದ ಓದಿಸಿದರು? ನನ್ನ ಗಂಡನಿಂದಲೇ? ಊರಿನ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದ ಪಕ್ಕದ ಮನೆಯ ಹುಡುಗಿಯಿಂದಲೇ? ಗಣಿಯ ಸೈರನ್ನು ಕೂಗಿ ಗಂಡ ಮನೆಗೆ ಬಂದಾಗಲೆಲ್ಲ ಅವನು ಶರ್ಟು ಬಿಚ್ಚುವ ರೀತಿ ನೋಡಿ ಅರ್ಥ ಹುಡುಕುತ್ತಿದ್ದೆ. ಪಕ್ಕದ ಹುಡುಗಿ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಸ್ಥಿತಿ. ಅತ್ತೆ ಏನಾದರೂ ಅಂದುಬಿಟ್ಟಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಮೂರು ವರ್ಷ ಅನ್ನಲಿಲ್ಲ.

ಆ ಮೂರು ವರ್ಷದಲ್ಲಿ ಅವ್ವ ನಮ್ಮ ಮನೆಗೆ ಬಂದದ್ದು ಎರಡೇ ಸಲ. ನಾನೇ ಹೇಳಿದ್ದೆನಲ್ಲ. ಮೊಮ್ಮಗಳು ಅವಳನ್ನು ನೋಡಿ ಹೊಸಬರನ್ನು ಕಂಡಂತೆ ನನ್ನ ಸೆರಗಿನ ಹಿಂದೆ ಅಡಗಿದಳು. ಅವ್ವ ನಕ್ಕು, "ಗುರುತಿಲ್ಲ ಪಾಪ ಕೂಸಿಗಿ" ಅಂದಳು.

ಅದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಅತ್ತೆ ಆ ಕೌದಿಯನ್ನು ಹಾಸಿಕೊಂಡು ಕೂತಿದ್ದರು. ತೊಳೆದು ತೊಳೆದು ನಡುವೆ ಪಿಸಿದಿತ್ತು. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ತೇಪೆ ಹಾಕುತ್ತಿದ್ದೆವು.

"ನಿಮ್ಮವ್ವ ಯಾಕ ಬರವಲ್ಲಳು?" ಅಂದರು ತಲೆ ಎತ್ತದೆ.

"ಕೆಲಸ ಇರ್ತೈತ್ರಿ ಆಕಿಗಿ."

"ನೀ ಬರಬ್ಯಾಡ ಅಂದಿ. ಹಿತ್ತಲದಾಗ ನೀ ಕಡೀಕ ಜೋರಾಗಿ ಅಂದಿದ್ದೊಂದ ಅಡಿಗಿಮನಿಗಿ ಕೇಳಿಸ್ತು."

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಇನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ ಎನಿಸಿ, ಮೂರು ವರ್ಷ ನನ್ನನ್ನು ತಿಂದಿದ್ದನ್ನು ಕೇಳಿಯೇಬಿಟ್ಟೆ. "ಅತ್ತಿ, ಆ ಕಾರ್ಡು ಯಾರ ಕಡಿಂದ ಓದಿಸಿದ್ರಿ?"

"ಓದಿಸಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಅವರು ದಾರವನ್ನು ಹಲ್ಲಿನಿಂದ ಕಡಿದು, ಇನ್ನೊಂದು ಎಳೆ ಪೋಣಿಸುತ್ತ ಹೇಳಿದರು: "ಮಾರಿ ನಿಮ್ಮವ್ವಂದಿತ್ತು. ಕೌದ್ಯಾಗ ಹಾಕಿ ಹೊಲದಾಳಂದ್ರ ಮಂದಿಗಿ ತೋರ್ಸೂದಲ್ಲ ಅಂತ ತಿಳೀತು. ಹಂಥದ್ದನ್ನ ಹೊರಗಿನವ್ರ ಕಡಿಂದ ಓದಿಸ್ಲೇನು? ನನ್ನ ಮಗಗೂ ತೋರಿಸಿಲ್ಲ. ನಿನಗ ಓದಾಕ ಬರ್ತಿತ್ತು. ನೀ ಹೇಳ್ತಿ ಅಂತ ಕಾದೆ."

ನಾನು ಹೇಳಿದೆ. ಕೆಂಪು ಎಳೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಮಸ್ಕಿಯ ಬಸ್ಸು, ಹುಣಸೆಮರ, ಅಧ್ಯಕ್ಷಿ, ಠಾಣೆಯ ಅಂಗಳ. ಹೇಳುವಾಗ, ಯಾವ ಮಾತಿಗೆ ಅವರು ಎದ್ದು ಹೋಗುತ್ತಾರೋ ಎಂದು ಅವರ ಕೈಯನ್ನೇ ನೋಡುತ್ತಿದ್ದೆ. ಕೈ ನಿಲ್ಲಲಿಲ್ಲ, ಹೊಲಿಯುತ್ತಲೇ ಇತ್ತು. ಮುಗಿದ ಮೇಲೆ, "ಅದು ಚಲೋ ಕೆಲಸ ಅಂತ ನಾ ಅನ್ನಂಗಿಲ್ಲ" ಅಂದರು. ಮತ್ತೆ ಒಂದು ಟಾಕಾ ಎಳೆದು ಕೇಳಿದರು: "ಆ ಠಾಣೆಗಿ ಬಂದ್ರಂದ್ಯಲ್ಲ, ಮೂವತ್ತು ಮಂದಿ. ಹಾಡೇ ಹಗಲ ಬಂದಿದ್ರೇನು?"

"ಹೌದ್ರಿ."

"ಮಾರಿಮ್ಯಾಲ ಸೆರಗು ಇಲ್ದಂಗ?"

"ಹೌದ್ರಿ."

"ನಿಮ್ಮವ್ವ ಅವ್ರಿಗಿ ಮಗಳಲ್ಲ, ತಾಯಿ ಅಲ್ಲ. ಅವ್ರು ಊರ ಮುಂದ ಬಂದು ಈಕಿ ನಮ್ಮಾಕಿ ಅಂದ್ರು" ಅಂದರು ಅತ್ತೆ. "ನೀ ಮನ್ಯಾಗ ಕುಂತೂ ಹಂಗ ಅನ್ನಲಿಲ್ಲ."

ಆಮೇಲೆ ಕೌದಿ ಮಡಚಿ ನನ್ನ ಮಡಿಲಿಗೆ ಹಾಕಿ, ನಾಳೆ ಬೆಳಗಿನ ಬಸ್ಸಿಗೆ ಸಿಂಧನೂರಿಗೆ ಹೋಗು, ಕೂಸನ್ನೂ ಕರೆದುಕೊಂಡು ಹೋಗು, ಅದಕ್ಕೆ ಅಜ್ಜಿಯ ಗುರುತಾಗಲಿ ಎಂದು ಹೇಳಿ, ಒಲೆ ಹಚ್ಚಲು ಎದ್ದುಹೋದರು.